ಅಕ್ವೇರಿಯಂ ವ್ಯಾಪಾರದಲ್ಲಿ ಸಿಹಿನೀರಿನ ಸಿಗಡಿ: ನಷ್ಟ ಸೋರುವುದೆಲ್ಲಿ?

ಅಲಂಕಾರಿಕ ಮೀನುಗಳ ಮಳಿಗೆಗಳಲ್ಲಿ ಗಪ್ಪಿ, ಟೆಟ್ರಾ, ಏಂಜೆಲ್ ಮೀನುಗಳ ಸಾಲಿನಲ್ಲಿ ಎರಡು-ಮೂರು ಸೆಂಟಿಮೀಟರ್ ಉದ್ದದ ಕೆಂಪು, ಹಳದಿ, ನೀಲಿ ಸಿಗಡಿಗಳೂ ಈಗ ಸ್ಥಾನ ಪಡೆದಿವೆ. ಊಟದ ತಟ್ಟೆಯ ಸಿಗಡಿಯನ್ನಷ್ಟೇ ಬಲ್ಲವರಿಗೆ ಇದು ಸೋಜಿಗವೆನಿಸಬಹುದು. ವರ್ತಕನ ದೃಷ್ಟಿಯಲ್ಲಾದರೋ ಇದು ಅಲ್ಪ ಸ್ಥಳದಲ್ಲಿ, ಅಲ್ಪ ಆಹಾರದಲ್ಲಿ ಬದುಕುವ, ತೊಟ್ಟಿಯ ಪಾಚಿಯನ್ನು ತಾನೇ ತಿಂದು ತೆಗೆಯುವ ಸರಕು. ಗ್ರಾಹಕರು ಕೇಳುವ ಮೊದಲ ಪ್ರಶ್ನೆ, "ನಮ್ಮ ಮೀನುಗಳ ಜೊತೆಗೇ ಇದನ್ನು ಬಿಡಬಹುದೇ?" ಎಂಬುದು. "ಧಾರಾಳವಾಗಿ ಬಿಡಿ ಸಾರ್" ಎಂಬ ಉತ್ತರದಿಂದ ಅಂದಿನ ಮಾರಾಟವೇನೋ ಕುದುರುತ್ತದೆ. ಹದಿನೈದು ದಿನಗಳ ನಂತರ ಆ ಗ್ರಾಹಕರು ಮಳಿಗೆಯತ್ತ ಸುಳಿಯುವುದಿಲ್ಲ, ಸುಳಿದರೂ ದೂರು ಹೊತ್ತು ಬರುತ್ತಾರೆ.

ಅಕ್ವೇರಿಯಂನಲ್ಲಿ ಸಿಗಡಿಗೆ ಗೌರವದ ಸ್ಥಾನ ದೊರಕಿಸಿಕೊಟ್ಟವರಲ್ಲಿ ಜಪಾನಿನ ನೀಗಾಟದ ತಕಾಶಿ ಅಮಾನೊ (1954–2015) ಪ್ರಮುಖರು. ಜಲಸಸ್ಯಗಳಿಂದ ತೊಟ್ಟಿಯೊಳಗೆ ಪ್ರಕೃತಿಯ ನೋಟವನ್ನೇ ನಿರ್ಮಿಸುತ್ತಿದ್ದ ಅವರು, 1980ರ ದಶಕದಲ್ಲಿ ಪಾಚಿಯ ನಿವಾರಣೆಗೆಂದು ಬಳಸಿದ ಸಿಗಡಿ ಇಂದಿಗೂ ಅವರ ಹೆಸರಿನಿಂದಲೇ ಮಾರಾಟವಾಗುತ್ತಿದೆ. ಆದರೆ ಅಮಾನೊ ಸಿಗಡಿಯ ಮರಿಗಳು ಬೆಳೆಯಲು ಉಪ್ಪುನೀರು ಬೇಕು. ಮನೆಯ ಸಿಹಿನೀರಿನ ತೊಟ್ಟಿಯಲ್ಲಿ ಅವು ಎಂದಿಗೂ ವೃದ್ಧಿಯಾಗವು. ಕೆಂಪು 'ಚೆರ್ರಿ' ಸಿಗಡಿಯ ಸಂಗತಿ ಬೇರೆ. ಪೂರ್ವ ಏಷ್ಯಾ ಮೂಲದ ಇದರ ಕಾಡುತಳಿ ಕಂದು ಛಾಯೆಯ ಸಾಧಾರಣ ಜೀವಿ. ಕೆಂಪು ಬಣ್ಣ ಆಯ್ಕೆಯ ಸಂತಾನೋತ್ಪತ್ತಿಯ ಫಲ. ಹೆಣ್ಣು ಇಪ್ಪತ್ತು-ಮೂವತ್ತು ಮೊಟ್ಟೆಗಳನ್ನು ಹೊಟ್ಟೆಯಡಿ ಮೂರು-ನಾಲ್ಕು ವಾರ ಹೊತ್ತು ತಿರುಗುತ್ತದೆ. ಹೊರಬರುವ ಮರಿಗಳು ತಾಯಿಯದೇ ಪ್ರತಿರೂಪ, ಕೇವಲ ಎರಡು ಮಿಲಿಮೀಟರ್ ಉದ್ದ. ಅಂದರೆ ಚೆರ್ರಿ ಸಿಗಡಿಯನ್ನು ಸರಿಯಾಗಿ ಸಾಕಿದರೆ ದಾಸ್ತಾನು ತಾನಾಗಿಯೇ ಬೆಳೆಯುತ್ತದೆ. ಅಮಾನೊ ಸಿಗಡಿಯನ್ನು ಪ್ರತಿ ಬಾರಿ ಹಣ ತೆತ್ತೇ ತರಬೇಕು.

ದಾಸ್ತಾನಿನ ಲೆಕ್ಕ

ಜೀವಂತ ಸರಕಿನಲ್ಲಿ ಸಾವು ಸಹಜವೆಂದು ಈ ವ್ಯಾಪಾರದಲ್ಲಿ ಬಹುಮಂದಿ ಸಮಾಧಾನ ಹೇಳಿಕೊಳ್ಳುತ್ತಾರೆ. ಆ ಸಮಾಧಾನದ ಬೆಲೆಯನ್ನು ಒಮ್ಮೆ ಅಂಕಿಗಳಲ್ಲಿ ನೋಡುವುದು ಲೇಸು. ಕೇವಲ ಉದಾಹರಣೆಗಾಗಿ, ಒಬ್ಬ ವರ್ತಕ ತಲಾ 40 ರೂ.ನಂತೆ 100 ಸಿಗಡಿಗಳನ್ನು ಖರೀದಿಸಿ ತಲಾ 60 ರೂ.ಗೆ ಮಾರುತ್ತಾನೆನ್ನೋಣ. ಕಾಗದದ ಮೇಲಿನ ಲಾಭ 2,000 ರೂ. ಮೊದಲ ವಾರದಲ್ಲೇ 25 ಸತ್ತರೆ, ಉಳಿದ 75ರಿಂದ ಬರುವುದು 4,500 ರೂ.; ಲಾಭ 500 ರೂ.ಗೆ ಇಳಿಯಿತು. ಸರಕಿನಲ್ಲಿ ಕಾಲು ಭಾಗ ಹೋದರೆ ಲಾಭದಲ್ಲಿ ಮುಕ್ಕಾಲು ಭಾಗ ಹೋದಂತಾಯಿತು. ಇನ್ನು ದೂರು ತಂದ ಗ್ರಾಹಕರಿಗೆ ಹತ್ತು ಸಿಗಡಿಗಳನ್ನು ಬದಲಿಯಾಗಿ ಕೊಟ್ಟರೆ, ಮಾರಾಟವಾದದ್ದು 65, ಬಂದದ್ದು 3,900 ರೂ. ಅಸಲಿಗೇ 100 ರೂ. ಕೊರತೆ. ವಿದ್ಯುತ್ತು, ಬಾಡಿಗೆ, ಆಹಾರದ ವೆಚ್ಚ ಇದರಲ್ಲಿ ಸೇರಿಲ್ಲ.

ವೆಚ್ಚಲೆಕ್ಕದಲ್ಲಿ ಸಾಮಾನ್ಯ ನಷ್ಟ, ಅಸಾಮಾನ್ಯ ನಷ್ಟ ಎಂಬ ಭೇದವಿದೆ. ಸಾಗಣೆಯಲ್ಲಿ ಅನಿವಾರ್ಯವಾಗಿ ಸಾಯುವ ಕೆಲವು ಸಿಗಡಿಗಳು ಸಾಮಾನ್ಯ ನಷ್ಟ. ಆ ವೆಚ್ಚವನ್ನು ಉಳಿದವುಗಳ ಮೇಲೆ ಹಂಚುವುದು ಕ್ರಮ. ಹಸಿದ ಮೀನಿರುವ ತೊಟ್ಟಿಗೆ ಸಿಗಡಿ ಸುರಿದು ಕಳೆದುಕೊಂಡದ್ದು ಅಸಾಮಾನ್ಯ ನಷ್ಟ. ಅದು ನೇರವಾಗಿ ಲಾಭ-ನಷ್ಟದ ಖಾತೆಗೆ ಹೋಗಬೇಕು. ಎರಡನ್ನೂ ಒಂದೇ ಚೀಲಕ್ಕೆ ತುಂಬಿದರೆ ತಪ್ಪು ಎಲ್ಲಿ ನಡೆಯುತ್ತಿದೆಯೆಂಬುದು ವರ್ಷದ ಕೊನೆಗೂ ತಿಳಿಯುವುದಿಲ್ಲ. ತೊಟ್ಟಿಗೊಂದು ಚೀಟಿ ಅಂಟಿಸಿ, ಬಂದದ್ದು, ಮಾರಿದ್ದು, ಸತ್ತದ್ದು ಎಂಬ ಮೂರು ಅಂಕಿಗಳನ್ನು ದಿನವೂ ಬರೆಯುವುದಕ್ಕೆ ಲೆಕ್ಕಪತ್ರ ಪಂಡಿತರೇನೂ ಬೇಕಾಗಿಲ್ಲ.

ಬಾಯಿಯ ಅಳತೆ

ಯಾವ ಮೀನಿನೊಡನೆ ಸಿಗಡಿ ಬಾಳುತ್ತದೆಂಬುದಕ್ಕೆ ಮೀನಿನ ಸೌಮ್ಯ ಸ್ವಭಾವದ ಖ್ಯಾತಿಗಿಂತ ಅದರ ಬಾಯಿಯ ಅಳತೆಯೇ ಒಳ್ಳೆಯ ಮಾನದಂಡ. ಬಾಯಿಗೆ ಹಿಡಿಸುವ ಸಿಗಡಿಯನ್ನು ಬಹುತೇಕ ಎಲ್ಲ ಮೀನುಗಳೂ ತಿನ್ನುತ್ತವೆ. ಏಂಜೆಲ್, ಗೋಲ್ಡ್‌ಫಿಶ್, ಆಸ್ಕರ್ ಮುಂತಾದವುಗಳ ಜೊತೆ ಚೆರ್ರಿ ಸಿಗಡಿಯ ಮಾತೇ ಬೇಡ. ನಮ್ಮ ಪಶ್ಚಿಮ ಘಟ್ಟದ ಹೆಮ್ಮೆಯ 'ಮಿಸ್ ಕೇರಳ' ಮೀನೂ ಹತ್ತು ಸೆಂಟಿಮೀಟರ್ ಮೀರಿ ಬೆಳೆಯುವುದರಿಂದ ಈ ಪಟ್ಟಿಗೇ ಸೇರಬೇಕು. ಬಟಾಣಿ ಕಾಳಿನಷ್ಟಿರುವ, ಅದೇ ಘಟ್ಟಗಳ ಕುಬ್ಜ ಪಫರ್ ಮೀನು ಇದಕ್ಕೊಂದು ಅಪವಾದ. ಗಾತ್ರ ನೋಡಿ ಮೋಸಹೋಗಬಾರದು, ಅದು ಕಚ್ಚಿ ತುಂಡರಿಸಿ ತಿನ್ನುವ ಜಾತಿ. ಬೆಟ್ಟಾ ಮೀನು ಒಂದೊಂದೂ ಒಂದೊಂದು ಬಗೆ. ಅದರ ಪರವಾಗಿ ಯಾವ ವರ್ತಕನೂ ಭರವಸೆ ಕೊಡದಿರುವುದೇ ಕ್ಷೇಮ.

ಎರಡು ಸೆಂಟಿಮೀಟರಿನ ಎಂಬರ್ ಟೆಟ್ರಾ, ಚಿಲ್ಲಿ ರಾಸ್ಬೋರಾಗಳು ಬೆಳೆದ ಸಿಗಡಿಯ ತಂಟೆಗೆ ಹೋಗವು. ನಿಯಾನ್ ಟೆಟ್ರಾ, ಗಪ್ಪಿಗಳೂ ಸಾಮಾನ್ಯವಾಗಿ ಹಾಗೆಯೇ. ಆದರೆ ಇವೆಲ್ಲವೂ ಅವಕಾಶ ಸಿಕ್ಕರೆ ಎರಡು ಮಿಲಿಮೀಟರಿನ ಮರಿಗಳನ್ನು ತಿನ್ನುತ್ತವೆ. ಮರಿಗಳ ಪಾಲಿಗೂ ನಿರಪಾಯಕಾರಿ ಎನ್ನಬಹುದಾದದ್ದು ಪಾಚಿಯನ್ನೇ ಕೆರೆದು ತಿನ್ನುವ ಓಟೋಸಿಂಕ್ಲಸ್‌ನಂಥ ಕೆಲವೇ ಮೀನುಗಳು. ವಿವಾದ ಹುಟ್ಟುವುದೂ ಇಲ್ಲಿಯೇ. 'ಜೊತೆಗಿರಬಹುದು' ಎಂದು ವರ್ತಕ ಹೇಳಿದ್ದು ಬೆಳೆದ ಸಿಗಡಿಯ ವಿಷಯದಲ್ಲಿ. 'ಹತ್ತು ತಂದರೆ ನೂರಾಗುತ್ತದೆ' ಎಂದು ಗ್ರಾಹಕರು ಅರ್ಥೈಸಿಕೊಂಡದ್ದು ಮರಿಗಳ ವಿಷಯದಲ್ಲಿ. ಸಂಖ್ಯೆ ಬೆಳೆಯಬೇಕೆನ್ನುವವರಿಗೆ ಸಿಗಡಿಗೆಂದೇ ಪ್ರತ್ಯೇಕ ತೊಟ್ಟಿ ಮಾರುವುದು ಪ್ರಾಮಾಣಿಕ ವ್ಯಾಪಾರ, ಮೇಲಾಗಿ ಹೆಚ್ಚಿನ ವ್ಯಾಪಾರವೂ ಹೌದು. ಜೊತೆಯಲ್ಲೇ ಇರಲಿ ಎನ್ನುವವರಿಗೆ ಜಾವಾ ಮಾಸ್ ಎಂಬ ಹಾವಸೆಯನ್ನು ದಟ್ಟವಾಗಿ ಕೊಡಬೇಕು. ಮರಿಗಳಿಗೂ, ಪೊರೆ ಕಳಚಿ ಒಂದೆರಡು ದಿನ ಮೃದುವಾಗಿರುವ ದೊಡ್ಡ ಸಿಗಡಿಗಳಿಗೂ ಅದೇ ಆಶ್ರಯ. ಸಿಗಡಿಗಳನ್ನು ಮೊದಲು ನೆಲೆಗೊಳಿಸಿ, ಮೀನುಗಳನ್ನು ನಂತರ ಬಿಡುವುದು ಇನ್ನೂ ಉತ್ತಮ.

ಅಪಾಯ ಒಮ್ಮುಖವೂ ಅಲ್ಲ. ಕೆರೆ-ಹೊಳೆಗಳಿಂದ ಹಿಡಿದ, ಉದ್ದ ತೋಳುಗಳ ತುದಿಯಲ್ಲಿ ಚಿಮಟವಿರುವ ಎಳೆಯ ಸಿಗಡಿಗಳು 'ಗಾಜು ಸಿಗಡಿ'ಯೆಂಬ ಹೆಸರಿನಲ್ಲಿ ಚೆರ್ರಿ ಸಿಗಡಿಯ ನಡುವೆ ಸೇರಿಬರುವುದುಂಟು. ಇವು ಬೆಳೆದಂತೆ ರಾತ್ರಿ ಹೊತ್ತು ಮಲಗಿದ ಸಣ್ಣ ಮೀನುಗಳನ್ನೇ ಹಿಡಿಯುತ್ತವೆ. ಸರಕು ಇಳಿಸಿಕೊಳ್ಳುವಾಗಲೇ ತೋಳುಗಳನ್ನು ಪರೀಕ್ಷಿಸಬೇಕು.

ನೀರಿನಲ್ಲಿರುವ ಅಪಾಯ

ಮೀನು ತಿಂದದ್ದೆಂದು ದೂಷಿಸಲಾಗುವ ಸಾವುಗಳಲ್ಲಿ ಅನೇಕವು ನೀರಿನಿಂದಾದವು. ಮೀನಿಗೆ ಬಿಳಿಚುಕ್ಕೆ ರೋಗ ಬಂದಾಗ ಹಾಕುವ ಕೆಲವು ಔಷಧಗಳಲ್ಲಿ ತಾಮ್ರದ ಅಂಶವಿರುತ್ತದೆ. ಮೀನು ತಾಳಿಕೊಳ್ಳುವ ಪ್ರಮಾಣವೇ ಸಿಗಡಿಗೆ ಮಾರಕ. ಆದ್ದರಿಂದ ಒಂದೇ ಗಿರಾಕಿಗೆ ಸಿಗಡಿಯನ್ನೂ ತಾಮ್ರದ ಔಷಧವನ್ನೂ ಮಾರುವ ಮಳಿಗೆ ತನ್ನ ಸರಕನ್ನು ತಾನೇ ಕೊಂದಂತೆ. ಸೊಳ್ಳೆ ಓಡಿಸಲು ಮನೆಮನೆಯಲ್ಲಿ ಉರಿಯುವ ಬತ್ತಿ, ದ್ರವಗಳಲ್ಲಿರುವ ಪೈರೆಥ್ರಾಯ್ಡ್ ಕೀಟನಾಶಕಗಳು ಸಿಗಡಿಗೂ ವಿಷವೇ, ಏಕೆಂದರೆ ಕೀಟಗಳೂ ಸಿಗಡಿಯೂ ಸಂಧಿಪದಿಗಳೆಂಬ ಒಂದೇ ವಂಶಕ್ಕೆ ಸೇರಿದವು. ಇದನ್ನು ಗ್ರಾಹಕರಿಗೆ ತಿಳಿಸುವ ಮಳಿಗೆಗಳು ಬಹಳ ಇದ್ದಂತಿಲ್ಲ.

ಹೊಸ ತೊಟ್ಟಿಗೆ ನೀರು ತುಂಬಿದ ದಿನವೇ ಸಿಗಡಿ ಬಿಡುವುದು ಮತ್ತೊಂದು ಪ್ರಮಾದ. ಮಲಮೂತ್ರದಿಂದ ಹುಟ್ಟುವ ಅಮೋನಿಯಾವನ್ನು ಪರಿವರ್ತಿಸುವ ಸೂಕ್ಷ್ಮಜೀವಿಗಳು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ನಲ್ಲಿ ನೀರಿನ ಕ್ಲೋರಿನ್ ತೆಗೆಯಲೇಬೇಕು. ಮರಿಗಳನ್ನು ಒಳಕ್ಕೆ ಎಳೆದುಕೊಳ್ಳದ ಸ್ಪಂಜಿನ ಫಿಲ್ಟರ್ ಸಾಕು. ಬೆಂಗಳೂರಿನ ಹವೆ ಚೆರ್ರಿ ಸಿಗಡಿಗೆ ಒಗ್ಗುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ನೀರು 30 ಡಿಗ್ರಿ ದಾಟಿದರೆ ಫ್ಯಾನಿನ ಗಾಳಿಯಾದರೂ ಬೇಕಾದೀತು.

ತೆರಿಗೆಯ ವಿಷಯದಲ್ಲಿ ಒಂದು ಮಾತು. 2017ರಲ್ಲಿ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯಲ್ಲಿ ಜೀವಂತ ಮೀನು-ಸಿಗಡಿಗಳಿಗೆ ವಿನಾಯಿತಿಯಿದೆ. ತೊಟ್ಟಿ, ಫಿಲ್ಟರ್, ದೀಪಗಳಿಗೆ ತೆರಿಗೆಯಿದೆ. ನೋಂದಾಯಿತ ವರ್ತಕರು ಇವುಗಳ ಮಾರಾಟವನ್ನು ಬೇರೆಬೇರೆಯಾಗಿ ದಾಖಲಿಸಿ, ಬಾಡಿಗೆಯಂಥ ಸಮಾನ ವೆಚ್ಚಗಳ ಮೇಲಿನ ಹೂಡುವಳಿ ತೆರಿಗೆಯನ್ನು ಪ್ರಮಾಣಾನುಸಾರ ಹಿಂತಿರುಗಿಸಬೇಕಾಗುತ್ತದೆ. 'ಮೀನಿನ ಸೆಟ್' ಎಂದು ಒಟ್ಟಿಗೆ ಬಿಲ್ ಬರೆಯುವವರಿಗೆ ಇದು ತೊಡಕಾಗುತ್ತದೆ.

ಅದೇ ಬಿಲ್ಲಿನ ಹಿಂಬದಿ ಬಹುತೇಕ ಮಳಿಗೆಗಳಲ್ಲಿ ಖಾಲಿಯಾಗಿಯೇ ಇರುತ್ತದೆ. ಅಲ್ಲಿ ನಾಲ್ಕು ಸಾಲು ಮುದ್ರಿಸಲು ತಗಲುವ ವೆಚ್ಚ ಅತ್ಯಲ್ಪ: ಯಾವ ಮೀನಿನೊಡನೆ ಬಿಡಬಾರದು, ಮರಿಗಳು ಉಳಿಯುವ ಭರವಸೆಯಿಲ್ಲ, ತಾಮ್ರದ ಔಷಧ ಬೇಡ, ತೊಟ್ಟಿಯಿರುವ ಕೋಣೆಯಲ್ಲಿ ಸೊಳ್ಳೆ ಬತ್ತಿ ಬೇಡ. ಬದಲಿ ಸಿಗಡಿ ಕೇಳಿಕೊಂಡು ಯಾರಾದರೂ ಬಂದಾಗ ಇತ್ತಂಡಗಳೂ ತಿರುಗಿಸಿ ಓದಲು ಅಷ್ಟು ಸಾಕು.