ಪಂಕ್ಚರ್ ಹಾಕಿಸಿದರೂ ಮತ್ತೆ ಗಾಳಿ ಹೋಗುವುದೇಕೆ?

ದಾವಣಗೆರೆ ಜಿಲ್ಲೆಯ ಜಗಳೂರು ಕಡೆಯ ಹಳ್ಳಿಯೊಂದರಿಂದ ನಾಲ್ಕೈದು ಕಿಲೋಮೀಟರ್ ಸೈಕಲ್ ತುಳಿದು ಪ್ರೌಢಶಾಲೆಗೆ ಬರುವ ಹುಡುಗಿಯೊಬ್ಬಳನ್ನು ನೆನೆಯಿರಿ. ಸೋಮವಾರ ಪಂಕ್ಚರ್ ಹಾಕಿಸುತ್ತಾಳೆ, ಬುಧವಾರ ಮತ್ತೆ ಗಾಳಿ ಇಲ್ಲ. ಮೂರನೆಯ ಸಲಕ್ಕೆ ಸೈಕಲ್ ಗೋಡೆಗೆ ಒರಗುತ್ತದೆ, ಮೊದಲ ಪಾಠ ತಪ್ಪುತ್ತದೆ. 2006-07ರಿಂದ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಹಂಚಿದ ವರ್ಷಗಳಲ್ಲಿ ಹೀಗೆ ಒರಗಿ ನಿಂತ ಸೈಕಲ್ಲುಗಳನ್ನು ಶಿಕ್ಷಕರು ಕಂಡೇ ಇರುತ್ತೀರಿ. ತೇಪೆ ಬೀಳುವುದು ತೂತಿಗೆ. ತೂತು ಮಾಡಿದ ವಸ್ತು ಮಾತ್ರ ಚಕ್ರದಲ್ಲೇ ಉಳಿದಿರುತ್ತದೆ.

ಟ್ಯೂಬನ್ನು ಹೊರಗೆಳೆಯುವ ಮೊದಲೇ ವಾಲ್ವ್ ಇರುವ ಕಡೆ ಟೈರಿನ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯಿರಿ. ಟ್ಯೂಬಿನ ಎಡಬಲವೂ ನೆನಪಿರಲಿ. ಗಾಳಿ ತುಂಬಿ ನೀರಿನಲ್ಲಿ ಅದ್ದಿ ಗುಳ್ಳೆ ಬರುವ ಜಾಗ ಹುಡುಕಿ, ಟ್ಯೂಬನ್ನು ಮೊದಲಿದ್ದಂತೆಯೇ ಟೈರಿನ ಮೇಲಿಟ್ಟು ನೋಡಿ. ಈಗ ತೂತೇ ಕಾರಣವನ್ನು ತೋರಿಸುತ್ತದೆ.

ತೂತು ನೆಲದ ಕಡೆಗಿದ್ದರೆ ಮುಳ್ಳು. ಜಗಳೂರಿನ ಒಣನೆಲದಲ್ಲಿ ಬಳ್ಳಾರಿ ಜಾಲಿ, ನೆಗ್ಗಿಲು ಎರಡಕ್ಕೂ ಬರವಿಲ್ಲ. ಮುಳ್ಳಿನ ಬುಡ ಮುರಿದುಹೋಗಿ ತುದಿ ಟೈರಿನ ರಬ್ಬರಿನಲ್ಲೇ ಉಳಿಯುತ್ತದೆ. ಹೊರಗಿನಿಂದ ಕಾಣದು. ಚಕ್ರ ಉರುಳುವಾಗ ಟೈರು ಪ್ರತಿ ಸುತ್ತಿಗೂ ಆ ಜಾಗದಲ್ಲಿ ಚಪ್ಪಟೆಯಾಗುವುದರಿಂದ ತುದಿ ಸ್ವಲ್ಪ ಸ್ವಲ್ಪವೇ ಒಳಗೆ ಬರುತ್ತದೆ. ಎರಡು ದಿನ ತಡೆದು ಪಂಕ್ಚರ್ ಆಗುವುದು ಇದಕ್ಕೇ. ಟೈರಿನ ಒಳಮೈಯಲ್ಲಿ ಹತ್ತಿ ಬಟ್ಟೆ ಆಡಿಸಿ, ಎಳೆ ಸಿಕ್ಕಿಕೊಂಡ ಕಡೆ ಮುಳ್ಳಿದೆ. ಬರಿಬೆರಳು ಬೇಡ!

ತೂತು ರಿಮ್ಮಿನ ಕಡೆಗಿದ್ದರೆ ಮುಳ್ಳನ್ನು ಹುಡುಕಿ ಪ್ರಯೋಜನವಿಲ್ಲ. ಹೊನ್ನಾಳಿ, ನ್ಯಾಮತಿ ಕಡೆ ಮಳೆಗಾಲದ ಕೆಸರಿನಲ್ಲಿ ಓಡಿದ ಸೈಕಲ್ಲಿನ ರಿಮ್ಮು ಒಳಗೆ ತುಕ್ಕು ಹಿಡಿದಿರಬಹುದು, ಸ್ಪೋಕ್ ಕಡ್ಡಿಯ ತುದಿ ಮೇಲೆದ್ದಿರಬಹುದು. ಅದನ್ನು ಅರದಿಂದ ಉಜ್ಜಿ, ರಿಮ್ ಟೇಪು ಸವೆದಿದ್ದರೆ ಬದಲಾಯಿಸಿ.

ಅಕ್ಕಪಕ್ಕ ಎರಡು ಸೀಳುಗಳಿದ್ದರೆ? ಇದರಲ್ಲಿ ಸ್ವಲ್ಪ ಲೆಕ್ಕವಿದೆ. ಚನ್ನಗಿರಿಯ ತೋಟದ ದಾರಿಯಲ್ಲಿ ಕ್ಯಾರಿಯರ್ ಮೇಲೆ ಚೀಲ ಹೇರಿದಾಗ ಹಿಂದಿನ ಚಕ್ರದ ಮೇಲೆ 60 ಕಿಲೋ ಭಾರ ಬಿತ್ತೆನ್ನಿ. ಒಳಗಿನ ಒತ್ತಡ ಚದರ ಸೆಂಟಿಮೀಟರಿಗೆ 3 ಕಿಲೋ ಇದ್ದರೆ (ಪಂಪಿನವರ ಲೆಕ್ಕದಲ್ಲಿ 40 ಪೌಂಡಿಗಿಂತ ತುಸು ಹೆಚ್ಚು) ಟೈರು ನೆಲವನ್ನು ಸುಮಾರು 20 ಚದರ ಸೆಂಟಿಮೀಟರಿನಷ್ಟು ಮುಟ್ಟುತ್ತದೆ. ಗಾಳಿ ಅರ್ಧಕ್ಕಿಳಿದರೆ 40. ಟೈರು ಅಷ್ಟು ಚಪ್ಪಟೆಯಾದಾಗ ಕಲ್ಲೊಂದು ಸಿಕ್ಕರೆ ಟ್ಯೂಬು ಕಲ್ಲಿಗೂ ರಿಮ್ಮಿನ ಎರಡು ಅಂಚುಗಳಿಗೂ ನಡುವೆ ನಜ್ಜುಗುಜ್ಜಾಗುತ್ತದೆ. ಹಾವು ಕಚ್ಚಿದಂತೆ ಎರಡು ಗುರುತು. ಇಲ್ಲಿ ತಪ್ಪು ಟ್ಯೂಬಿನದಲ್ಲ, ಪಂಪು ಹೊಡೆಯದ ನಮ್ಮದು.

ತೂತೇ ಕಾಣದಿದ್ದರೆ ವಾಲ್ವಿನ ಬಾಯಿಗೆ ಉಗುಳು ಸವರಿ ನೋಡಿ. ಗುಳ್ಳೆ ಎದ್ದರೆ ಒಳಗಿನ ಪುಟ್ಟ ರಬ್ಬರು, ಅಂದರೆ ವಾಲ್ ಟ್ಯೂಬು, ಬಿರುಕುಬಿಟ್ಟಿದೆ. ಅಷ್ಟನ್ನು ಬದಲಾಯಿಸಿದರೆ ಸಾಕು.

ಇನ್ನು ಜೋಡಣೆ. ಹೊಸ ಟ್ಯೂಬಿಗೆ ಮನೆಯಲ್ಲೇ ತೂತು ಬೀಳುವುದು ಸ್ಕ್ರೂಡ್ರೈವರಿನಿಂದ. ಟೈರಿನ ಅಂಚಿನಲ್ಲಿ ಉಕ್ಕಿನ ತಂತಿಯಿದೆ, ಅದು ಹಿಗ್ಗದು. ಆದರೆ ರಿಮ್ಮಿನ ನಡುವೆ ತಗ್ಗಿದೆ. ಟ್ಯೂಬಿಗೆ ಆಕಾರ ಬರುವಷ್ಟು ಗಾಳಿ ಹಾಕಿ ಕೂರಿಸಿ. ವಾಲ್ವಿನ ಎದುರು ಬದಿಯಿಂದ ಶುರುಮಾಡಿ ಅಂಚನ್ನು ತಗ್ಗಿಗೆ ಇಳಿಸುತ್ತ ಬಂದರೆ ಕೊನೆಯಲ್ಲಿ ವಾಲ್ವಿನ ಹತ್ತಿರ ಸಡಿಲು ಸಿಗುತ್ತದೆ. ಅಲ್ಲಿ ಹೆಬ್ಬೆರಳೇ ಸಾಕು. ಆಮೇಲೆ ವಾಲ್ವನ್ನು ಒಮ್ಮೆ ಒಳಕ್ಕೆ ಒತ್ತಿ ಬಿಡಿ, ಅಡಿಗೆ ಸಿಕ್ಕಿದ ಟ್ಯೂಬು ಬಿಡಿಸಿಕೊಳ್ಳುತ್ತದೆ.

ಎಷ್ಟು ಒದ್ದಾಡಿದರೂ ಟೈರು ಕೂರದಿದ್ದರೆ ಅಳತೆ ನೋಡಿ. 26×1 3/8 ಮತ್ತು 26×1.75 ಎರಡನ್ನೂ ಅಂಗಡಿಯಲ್ಲಿ 26 ಎಂದೇ ಕರೆಯುತ್ತಾರೆ. ಮೊದಲಿನದರ ತಂತಿಯ ಸುತ್ತಿನ ವ್ಯಾಸ 590 ಮಿಲಿಮೀಟರ್, ಎರಡನೆಯದರದು 559. ಟೈರಿನ ಪಕ್ಕದಲ್ಲಿ 37-590 ಎಂಬಂತೆ ಅಚ್ಚಾಗಿರುವ ಸಂಖ್ಯೆಯನ್ನು ಬರೆದುಕೊಂಡೇ ಅಂಗಡಿಗೆ ಹೋಗಿ.

ತೇಪೆಯೇ ಏಳುತ್ತಿದ್ದರೆ ಆತುರ ಕಾರಣ. ಸಲ್ಯೂಷನ್ನಿನಲ್ಲಿರುವ ದ್ರಾವಕ ಆರುವ ಮೊದಲೇ ತೇಪೆ ಒತ್ತಿದರೆ ಅದು ಅಡಿಯಲ್ಲಿ ಸಿಕ್ಕಿಕೊಂಡು ಹಿಡಿತ ತಪ್ಪಿಸುತ್ತದೆ. ಮೊದಲು ಉಜ್ಜಿ, ಸವರಿ, ಹೊಳಪು ಹೋಗುವವರೆಗೆ ಕಾಯಿರಿ.

ಪಂಕ್ಚರ್ ಅಂಗಡಿಯಲ್ಲಿ ಬಿಸಾಡಿದ ಟ್ಯೂಬುಗಳು ಕೇಳಿದರೆ ಸಿಗುತ್ತವೆ. ಹತ್ತನ್ನು ತರಗತಿಗೆ ತಂದು, ಪ್ರತಿ ತೂತಿನ ಕಾರಣವನ್ನು ಮಕ್ಕಳೇ ಹೇಳಲಿ.