ಎಲ್ಲರೂ ಮಾತಾಡಿದರೆ ಕೇಳುವವರು ಯಾರು?

ಹತ್ತು ಜನ ಸೇರಿದ ಕಡೆ ಒಬ್ಬರು ಏನನ್ನೋ ಕೇಳುತ್ತಾರೆ. ಉತ್ತರ ಗೊತ್ತಿರುವವರು ಇಬ್ಬರು. ಬಾಯಿ ತೆರೆಯುವವರು ಒಂಬತ್ತು ಮಂದಿ. ‘ಹೌದು ಹೌದು’, ‘ನಾನೂ ಅದನ್ನೇ ಹೇಳಬೇಕೆಂದಿದ್ದೆ’, ‘ಒಳ್ಳೆಯ ಪ್ರಶ್ನೆ’ ಎಂಬ ಗದ್ದಲದಲ್ಲಿ ಗೊತ್ತಿದ್ದವರ ಉತ್ತರವೇ ಮುಳುಗಿಹೋಗುತ್ತದೆ. ಬರೀ ಮಾತು ತಾನೇ, ಅದರಿಂದ ನಷ್ಟವೇನು ಎಂದು ಕೇಳಬಹುದು. ದಾರಿ ಒಂದೇ ಇದ್ದು ನಡೆಯುವವರು ಹಲವರಿದ್ದಾಗ ನಷ್ಟ ಎಷ್ಟಾಗುತ್ತದೆ ಎಂಬುದನ್ನು ನಿಸ್ತಂತು ಸಂಪರ್ಕದ ಇತಿಹಾಸ ಚೆನ್ನಾಗಿ ತೋರಿಸಿಕೊಡುತ್ತದೆ.

ಆ ರಾತ್ರಿಯ ಸಂದೇಶ

1912ರ ಏಪ್ರಿಲ್ 14ರ ರಾತ್ರಿ. ಟೈಟಾನಿಕ್ ಹಡಗಿನ ನಿಸ್ತಂತು ಕೊಠಡಿಯಲ್ಲಿ ಜ್ಯಾಕ್ ಫಿಲಿಪ್ಸ್ ಎಂಬ ತರುಣ, ಪ್ರಯಾಣಿಕರ ಖಾಸಗಿ ಸಂದೇಶಗಳ ರಾಶಿಯನ್ನು ನ್ಯೂಫೌಂಡ್‌ಲೆಂಡಿನ ಕೇಪ್ ರೇಸ್ ಕೇಂದ್ರಕ್ಕೆ ಕಳುಹಿಸುತ್ತಿದ್ದ. ಯಂತ್ರ ಕೆಟ್ಟು ರಿಪೇರಿಯಾಗಿದ್ದರಿಂದ ಕೆಲಸ ಬಾಕಿ ಉಳಿದಿತ್ತು. ಅದೇ ಹೊತ್ತಿಗೆ ಸಮೀಪದಲ್ಲಿದ್ದ ಕ್ಯಾಲಿಫೋರ್ನಿಯನ್ ಹಡಗಿನಿಂದ ಸಿರಿಲ್ ಇವಾನ್ಸ್, ತಮ್ಮ ಹಡಗು ಮಂಜುಗಡ್ಡೆಗಳ ನಡುವೆ ನಿಂತಿದೆ ಎಂದು ತಿಳಿಸಿದ. ಹತ್ತಿರದ ಸಂಕೇತವಾದ್ದರಿಂದ ಅದು ಫಿಲಿಪ್ಸನ ಕಿವಿಗೆ ಅಪ್ಪಳಿಸಿತು. ಕೆಲಸದಲ್ಲಿದ್ದೇನೆ, ಸುಮ್ಮನಿರು ಎಂದು ಆತ ಗದರಿಸಿದ. ಇವಾನ್ಸ್ ಸ್ವಲ್ಪ ಹೊತ್ತು ಕಾದು, ಯಂತ್ರ ಆರಿಸಿ ಮಲಗಿದ. ಕೆಲವೇ ನಿಮಿಷಗಳಲ್ಲಿ ಟೈಟಾನಿಕ್ ಹಿಮಬಂಡೆಗೆ ಬಡಿಯಿತು. ಅದರ ಆರ್ತನಾದ ಆಕಾಶದಲ್ಲಿ ಹರಡಿದಾಗ ಹತ್ತಿರದ ಹಡಗಿನ ಕಿವಿ ಮುಚ್ಚಿತ್ತು. ಅದಕ್ಕಿಂತ ದೂರವಿದ್ದ ಕಾರ್ಪೇಥಿಯಾದ ಹೆರಾಲ್ಡ್ ಕಾಟಮ್ ಇನ್ನೂ ಎಚ್ಚರವಾಗಿದ್ದರಿಂದ ಸುಮಾರು 700 ಮಂದಿ ಬದುಕಿಕೊಂಡರು. ಸತ್ತವರು 1,500ಕ್ಕೂ ಹೆಚ್ಚು.

ಇಲ್ಲಿ ಒಬ್ಬನನ್ನೇ ದೂರಿ ಫಲವಿಲ್ಲ. ಪ್ರಯಾಣಿಕರ ಸಂದೇಶ ಕಳುಹಿಸುವುದು ಫಿಲಿಪ್ಸನ ಉದ್ಯೋಗವೇ ಆಗಿತ್ತು. ಇವಾನ್ಸನ ಎಚ್ಚರಿಕೆಯಲ್ಲಿ ಹಡಗು ಇರುವ ಜಾಗದ ವಿವರವಾಗಲಿ, ಇದು ಕಪ್ತಾನನಿಗೆ ಮುಟ್ಟಬೇಕಾದದ್ದು ಎಂಬ ಗುರುತಾಗಲಿ ಇರಲಿಲ್ಲ. ಬಹಳ ಬೆಲೆಯುಳ್ಳ ಸುದ್ದಿಯೊಂದು ಹರಟೆಯ ಧಾಟಿಯಲ್ಲಿ ಬಂತು. ಕಾಯಬಹುದಾಗಿದ್ದ ಸಂದೇಶಗಳು ದಾರಿ ತುಂಬಿಕೊಂಡಿದ್ದವು.

ಗಡಿಯಾರದ ಕೆಂಪು ಗೆರೆ

ಇಂಥ ಅನುಭವಗಳಿಂದ ಲೋಕ ಪಾಠ ಕಲಿಯಿತು. ಮುಂದೆ ಹಡಗುಗಳ ರೇಡಿಯೋ ಕೊಠಡಿಯ ಗಡಿಯಾರಗಳಲ್ಲಿ 15ರಿಂದ 18ನೇ ನಿಮಿಷ ಮತ್ತು 45ರಿಂದ 48ನೇ ನಿಮಿಷದ ಭಾಗಕ್ಕೆ ಕೆಂಪು ಬಣ್ಣ ಬಳಿದಿರುತ್ತಿತ್ತು. ಆ ಹೊತ್ತಿನಲ್ಲಿ 500 ಕಿಲೋಹರ್ಟ್ಸ್ ಆವರ್ತನದಲ್ಲಿ ಯಾರೂ ಸಾಮಾನ್ಯ ಮಾತು ಆಡುವಂತಿರಲಿಲ್ಲ. ಗಂಟೆಗೆ ಆರು ನಿಮಿಷ ಎಲ್ಲರೂ ಕಿವಿಗೊಟ್ಟು ಕೂರಬೇಕು. ಎಲ್ಲಿಯೋ ಒಂದು ದುರ್ಬಲ ದನಿ ಸಹಾಯ ಕೇಳುತ್ತಿದ್ದರೆ ಆಗಲಾದರೂ ಕೇಳಿಸಲಿ ಎಂಬ ಉದ್ದೇಶ. 1999ರಲ್ಲಿ ಉಪಗ್ರಹಗಳನ್ನೂ ಬಳಸುವ ಹೊಸ ವ್ಯವಸ್ಥೆ ಪೂರ್ಣವಾಗಿ ಜಾರಿಗೆ ಬರುವವರೆಗೂ ಕಡಲ ಮೇಲೆ ಇಂಥ ಮೌನಕ್ಕೆ ಬೆಲೆಯಿತ್ತು.

ಹ್ಯಾಮ್‌ಗಳು ಎಂದು ಕರೆಯುವ ಹವ್ಯಾಸಿ ರೇಡಿಯೋ ಬಳಗದಲ್ಲಿ ಈ ಶಿಸ್ತು ಇಂದಿಗೂ ಇದೆ. ಮೊದಲ ಪಾಠವೇ ‘ಮೊದಲು ಕೇಳು, ಆಮೇಲೆ ಮಾತಾಡು’. ಸಾಮಾನ್ಯವಾಗಿ ಅವರ ಯಂತ್ರದಲ್ಲಿ ಗುಂಡಿ ಒತ್ತಿ ಮಾತಾಡುವಷ್ಟು ಹೊತ್ತು ಬೇರೆಯವರ ದನಿ ಕೇಳಿಸದು. ಮಾತಾಡುತ್ತಿರುವವನು ಕಿವುಡ ಎಂಬುದು ಅಲ್ಲಿ ಗಾದೆಯಲ್ಲ, ವಿಜ್ಞಾನ! 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಮತ್ತು ಅವರ ತಂಡ ಅಂಡಮಾನಿನ ಪೋರ್ಟ್ ಬ್ಲೇರ್‌ನಿಂದ ಹವ್ಯಾಸಿ ಕೇಂದ್ರ ನಡೆಸುತ್ತಿತ್ತು. ಅಪರೂಪದ ಆ ದ್ವೀಪದ ಸಂಪರ್ಕ ಸಿಗಲೆಂದು ಜಗತ್ತಿನ ನಾನಾ ಕಡೆಯ ಹವ್ಯಾಸಿಗಳು ಕರೆಯುತ್ತಿದ್ದರು. 26ರಂದು ಭೂಕಂಪ, ಸುನಾಮಿ ಬಂದಾಗ ಹವ್ಯಾಸದ ಮಾತು ನಿಂತಿತು. ಅದೇ ಕೇಂದ್ರ ದ್ವೀಪವಾಸಿಗಳ ಸುದ್ದಿಯನ್ನು ಹೊರಜಗತ್ತಿಗೆ ಮುಟ್ಟಿಸಿತು.

ಚಿಕ್ಕದೆಂದರೆ ಹಗುರವಲ್ಲ

ಹಾಗಾದರೆ ಒಂದೆರಡು ಅಕ್ಷರದ ಉತ್ತರವೆಲ್ಲ ವ್ಯರ್ಥವೇ? ಅಲ್ಲ. ಮೋರ್ಸ್ ಸಂಕೇತದಲ್ಲಿ ‘ಆರ್’ ಎಂಬ ಒಂದೇ ಅಕ್ಷರಕ್ಕೆ ‘ನಿನ್ನ ಸಂದೇಶ ಪೂರ್ತಿ ಮುಟ್ಟಿತು’ ಎಂದು ಅರ್ಥ. ಕಳುಹಿಸಿದವನಿಗೆ ಅದು ಬೇಕೇ ಬೇಕು. ‘ನನ್ನ ದನಿ ಹೇಗೆ ಕೇಳಿಸುತ್ತಿದೆ?’ ಎಂದು ಹ್ಯಾಮ್ ಒಬ್ಬ ಕೇಳಿದರೆ ‘ಚೆನ್ನಾಗಿದೆ’ ಎನ್ನುವುದಕ್ಕಿಂತ ‘ಮೂರು-ನಾಲ್ಕು’ ಎನ್ನುವುದು ಮೇಲು. ಮೊದಲ ಅಂಕಿ ಸ್ಪಷ್ಟತೆಗೆ, ಐದರಲ್ಲಿ ಇಷ್ಟೆಂದು. ಎರಡನೆಯದು ಸಂಕೇತದ ಬಲಕ್ಕೆ, ಒಂಬತ್ತರಲ್ಲಿ ಇಷ್ಟೆಂದು. ಅದನ್ನು ಕೇಳಿದವನು ಆಂಟೆನಾ ತಿರುಗಿಸಿಯಾನು, ಬೇರೆ ಆವರ್ತನ ಹಿಡಿದಾನು. ವಿಚಿತ್ರವೆಂದರೆ ಹ್ಯಾಮ್ ಸ್ಪರ್ಧೆಗಳಲ್ಲಿ, ದನಿ ಹೇಗೇ ಇರಲಿ, ಎಲ್ಲರಿಗೂ ‘ಐದು-ಒಂಬತ್ತು’ ಎಂದು ಹೇಳಿಬಿಡುವುದು ರೂಢಿ. ಎಲ್ಲರಿಗೂ ಪೂರ್ಣಾಂಕ ಕೊಟ್ಟ ಮೇಲೆ ಆ ಅಂಕದಿಂದ ತಿಳಿಯುವುದೇನು?

ಈಗ ತರಗತಿಗೆ ಬನ್ನಿ. ‘ಅರ್ಥವಾಯಿತಾ?’ ಎಂದು ನಾವು ಮೇಷ್ಟರು ಕೇಳುತ್ತೇವೆ. ‘ಆಯ್ತು ಸಾರ್!’ ಎಂದು ಐವತ್ತು ಕಂಠಗಳು ಕೂಗುತ್ತವೆ. ಇದು ಕೋಲೆ ಬಸವ ತಲೆಯಾಡಿಸಿದಂತೆ. ಮೂಲೆಯಲ್ಲಿ ಕೂತ, ‘ಆಗಲಿಲ್ಲ’ ಎನ್ನಬೇಕೆಂದಿದ್ದ ಹುಡುಗಿಯ ದನಿ ಆ ಕೂಗಿನಲ್ಲಿ ಅಡಗಿಹೋಗುತ್ತದೆ. ಅವಳೇ ಆ ದುರ್ಬಲ ಕೇಂದ್ರ. ಅದರ ಬದಲು ಒಬ್ಬ ವಿದ್ಯಾರ್ಥಿ ‘ವಿಭವಾಂತರದವರೆಗೆ ತಿಳಿಯಿತು; ರೋಧ ಹೆಚ್ಚಿದರೆ ವಿದ್ಯುತ್ ಪ್ರವಾಹ ಏಕೆ ಕುಗ್ಗುತ್ತದೆಂದು ತಿಳಿಯಲಿಲ್ಲ’ ಎಂದನೆನ್ನಿ. ಪಾಠ ಎಲ್ಲಿಂದ ಮತ್ತೆ ಶುರುವಾಗಬೇಕೆಂದು ಮೇಷ್ಟರಿಗೆ ತಕ್ಷಣ ಗೊತ್ತಾಗುತ್ತದೆ. ಇಡೀ ತರಗತಿಗೆ ಲಾಭವಾಗುತ್ತದೆ.

ತಪ್ಪು ಮಕ್ಕಳದಷ್ಟೇ ಅಲ್ಲ. ಅಮೆರಿಕದ ವಿಜ್ಞಾನ ಶಿಕ್ಷಣ ತಜ್ಞೆ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಪರೀಕ್ಷಿಸಿದಾಗ, ಶಿಕ್ಷಕರು ಪ್ರಶ್ನೆ ಕೇಳಿ ಕಾಯುತ್ತಿದ್ದುದು ಸುಮಾರು ಒಂದೇ ಸೆಕೆಂಡು! ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ದೀರ್ಘವಾಯಿತು, ಉತ್ತರವೇ ಕೊಡದವರು ಕಡಿಮೆಯಾದರು. ಅವಸರದ ಪ್ರಶ್ನೆಗೆ ಹಗುರ ಉತ್ತರವೇ ಗತಿ. ಮನೆಯಲ್ಲೂ ಅಷ್ಟೆ. ‘ಚೆನ್ನಾಗಿ ಓದಿದ್ಯಾ?’ ಎಂದು ಕೇಳಿದರೆ ‘ಹ್ಞೂಂ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ‘ಇವತ್ತು ಯಾವುದು ಕಷ್ಟವಾಯಿತು?’ ಎಂದು ಕೇಳಿ, ತಾಯಿ ತಂದೆಯರು ಸ್ವಲ್ಪ ಕಾದು ನೋಡಲಿ.

ವಿದ್ಯಾರ್ಥಿಗಳೇ, ನಾಲ್ಕು ಜನರ ನಡುವೆ ಉತ್ತರಿಸುವ ಮುನ್ನ ಮೂರು ಸಂಗತಿ ನೋಡಿಕೊಳ್ಳಿ. ನಾನು ಹೇಳುವುದನ್ನು ಇನ್ನೊಬ್ಬರು ಆಗಲೇ ಹೇಳಿದ್ದಾರೆಯೇ? ನನ್ನ ಮಾತಿನಿಂದ ಕೇಳಿದವರಿಗೆ ಹೊಸದೇನಾದರೂ ಸಿಗುತ್ತದೆಯೇ? ನಾನು ಸುಮ್ಮನಿದ್ದರೆ ಮತ್ತೊಬ್ಬರಿಗೆ ಅವಕಾಶವಾಗುತ್ತದೆಯೇ? ‘ನನಗೆ ತಿಳಿಯಲಿಲ್ಲ’ ಎನ್ನುವ ಮಾತು ಈ ಮೂರನ್ನೂ ದಾಟಿ ನಿಲ್ಲುತ್ತದೆ. ಅದನ್ನು ಮಾತ್ರ ಎಂದೂ ನುಂಗಬೇಡಿ.