ಅಂಟುರೋಗಗಳ ಸಂಶೋಧನೆಯೂ ಅದಕ್ಕೆ ದೊರೆಯುವ ವೇತನವೂ

ಎಂ.ಎಸ್‌ಸಿ. ಮುಗಿಸಿದ ಮಗಳನ್ನು ಇನ್ನೂ ನಾಲ್ಕೈದು ವರ್ಷ ಓದಿಸುವ ಶಕ್ತಿ ನಮಗಿಲ್ಲವೆಂದು ಬದನಗುಪ್ಪೆಯ ಕಡೆಯಿಂದಲೂ ಗುಂಡ್ಲುಪೇಟೆಯ ಕಡೆಯಿಂದಲೂ ಬರುವ ತಂದೆತಾಯಿಗಳು ನನ್ನೊಡನೆ ಹೇಳುವುದುಂಟು. ಈ ಮಾತಿನ ಹಿಂದೆ ಎರಡು ಭಾವನೆಗಳಿವೆ. ಡಾಕ್ಟರೇಟ್ ಪದವಿಗೆ ವರ್ಷವರ್ಷವೂ ಬಹಳ ಹಣ ತೆರಬೇಕೆಂಬುದೊಂದು. ರೋಗಗಳ ವಿಚಾರವು ವೈದ್ಯರಿಗೆ ಮಾತ್ರ ಸಲ್ಲತಕ್ಕದ್ದೆಂಬುದಿನ್ನೊಂದು. ಇವೆರಡೂ ಸರಿಯಲ್ಲ. ಇವುಗಳ ದೆಸೆಯಿಂದ ಒಳ್ಳೆಯ ಬುದ್ಧಿಯುಳ್ಳ ಹುಡುಗಿಯರು ಹೊಸ್ತಿಲಲ್ಲಿಯೇ ನಿಂತುಬಿಡುವುದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಎಪಿಡೆಮಿಯಾಲಜಿ ಎಂಬ ಶಾಸ್ತ್ರಕ್ಕೆ ನಮ್ಮಲ್ಲಿ ಸಾಂಕ್ರಾಮಿಕ ರೋಗಶಾಸ್ತ್ರವೆಂದು ಹೆಸರು. ವೈದ್ಯನು ತನ್ನ ಮುಂದೆ ಕುಳಿತ ರೋಗಿಯೊಬ್ಬನನ್ನು ಪರೀಕ್ಷಿಸುತ್ತಾನೆ. ಈ ಶಾಸ್ತ್ರವನ್ನು ಅಭ್ಯಸಿಸಿದವರು ಊರಿಗೆ ಊರನ್ನೇ ಪರೀಕ್ಷಿಸುತ್ತಾರೆ. ಯಾರಿಗೆ ರೋಗ ಬಂದಿತು, ಯಾರಿಗೆ ಬರಲಿಲ್ಲ, ಯಾವ ತಿಂಗಳಲ್ಲಿ, ಯಾವ ಕೇರಿಯಲ್ಲಿ, ಏನು ಕೆಲಸ ಮಾಡುವವರಿಗೆ, ಎಂದು ಕೇಳಿ ಬರೆದು ಎಣಿಸುವುದೇ ಇವರ ಮುಖ್ಯ ಕಾರ್ಯ.

ಇದಕ್ಕೆ ನಿದರ್ಶನವನ್ನು ಹುಡುಕಲು ಬಹುದೂರ ಹೋಗಬೇಕಾಗಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವಗಳೂ ಕೋತಿಗಳೂ ಸಾಯತೊಡಗಿದುವು. ಅದೇ ಕಾಲದಲ್ಲಿ ಕಾಡಿನಂಚಿನ ಹಳ್ಳಿಗಳ ಜನರು ತೀವ್ರವಾದ ಜ್ವರದಿಂದ ಹಾಸಿಗೆ ಹಿಡಿದರು. ಮಂಗಗಳೂ ಮನುಷ್ಯರೂ ಒಟ್ಟಿಗೆ ಸಾಯುವುದನ್ನು ಕಂಡು, ಭಾರತಕ್ಕೆ ಎಂದೂ ಬಾರದಿದ್ದ ಹಳದಿಜ್ವರವು ಈಗ ಬಂದಿತೋ ಎಂದು ಪಂಡಿತರು ಭಯಪಟ್ಟರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಡಾ. ಟೆಲ್ಫರ್ಡ್ ವರ್ಕ್, ಡಾ. ಹೆರಾಲ್ಡ್ ಟ್ರಪಿಡೊ ಮೊದಲಾದವರು ಬಂದು ಶೋಧಿಸಲಾಗಿ, ಅದು ಹಳದಿಜ್ವರವಲ್ಲವೆಂದೂ, ಅದುವರೆಗೆ ಯಾರೂ ಅರಿಯದ ಹೊಸ ವೈರಸ್ಸೆಂದೂ, ಒಂದು ಜಾತಿಯ ಉಣ್ಣೆಯು ಕಚ್ಚುವುದರಿಂದ ಹರಡುವುದೆಂದೂ ತಿಳಿದುಬಂದಿತು. ಹಳ್ಳಿಯವರು ಇದನ್ನು ಮಂಗನ ಕಾಯಿಲೆ ಎನ್ನುತ್ತಾರೆ. ರೋಗ ತಗುಲಿದ ನೂರು ಮಂದಿಯಲ್ಲಿ ಮೂವರಿಂದ ಐವರು ಸಾಯುತ್ತಾರೆ. ಒಬ್ಬ ಮನುಷ್ಯನಿಂದ ಇನ್ನೊಬ್ಬನಿಗೆ ಇದು ಅಂಟುವುದಿಲ್ಲ. ಸೌದೆಗೂ ಎಲೆಗೂ ದನ ಮೇಯಿಸುವುದಕ್ಕೂ ಕಾಡಿಗೆ ಹೋಗುವವರಿಗೇ, ಅದರಲ್ಲಿಯೂ ಎಳೆಯ ಉಣ್ಣೆಗಳು ಹೆಚ್ಚಾಗಿರುವ ಬೇಸಗೆಯ ಒಣ ತಿಂಗಳುಗಳಲ್ಲಿ, ಬರುವುದು ಹೆಚ್ಚು.

ಇದು ಮಲೆನಾಡಿನ ಮಾತು, ನಮಗೇನೆಂದು ಕೇಳಬಹುದು. ಬಹುಕಾಲ ಈ ರೋಗವು ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ, ದಕ್ಷಿಣ ಕನ್ನಡ, ಉಡುಪಿ ಎಂಬ ಐದು ಜಿಲ್ಲೆಗಳಲ್ಲಿಯೇ ಇದ್ದಿತು. ಆದರೆ 2012ರ ಕೊನೆಯಲ್ಲಿ ನಮ್ಮ ಬಂಡೀಪುರದ ಕಾಡಿನಲ್ಲಿಯೇ ಮಂಗಗಳು ಸತ್ತು ಬಿದ್ದುವು. ಆ ಹೆಣಗಳನ್ನು ಮುಟ್ಟಿ ಸುಟ್ಟವರಿಗೆ ಜ್ವರ ಬಂದಿತು. ಪುಣೆಯ ಅದೇ ಸಂಸ್ಥೆಯ (ಈಗ ಅದಕ್ಕೆ ರಾಷ್ಟ್ರೀಯ ವೈರಾಣು ಸಂಸ್ಥೆ ಎಂದು ಹೆಸರು) ಡಾ. ದೇವೇಂದ್ರ ಮೌರ್ಯ, ಡಾ. ಪ್ರಜ್ಞಾ ಯಾದವ್ ಮತ್ತು ಅವರ ಜೊತೆಗಾರರು ಇದನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು. ಮುಂದೆ ವಯನಾಡಿನಲ್ಲಿಯೂ ರೋಗವು ಕಾಣಿಸಿಕೊಂಡಿತು. ಪ್ರಜ್ಞಾ ಯಾದವ್ ಅವರು ಸ್ತ್ರೀಯೆಂಬುದನ್ನು ನಮ್ಮ ಹುಡುಗಿಯರು ಗಮನಿಸಲಿ.

ಎಣಿಕೆಯಿಂದ ಏನು ಪ್ರಯೋಜನವೆಂಬುದಕ್ಕೆ ಇನ್ನೊಂದು ಸಂಗತಿ. ಈ ರೋಗಕ್ಕೆ ಕರ್ನಾಟಕ ಸರ್ಕಾರದವರು ಒಂದು ಲಸಿಕೆಯನ್ನು ಬಹುವರ್ಷ ಹಾಕಿಸುತ್ತಿದ್ದರು. ಅದು ನಿಜವಾಗಿ ಎಷ್ಟು ಕಾಪಾಡುತ್ತದೆ? ಇದನ್ನು ಪ್ರಯೋಗಶಾಲೆಯ ಸೀಸೆಯೊಳಗೆ ನೋಡಿ ಹೇಳಲಾಗದು. ಡಾ. ಗುದದಪ್ಪ ಕಸಬಿ ಮತ್ತು ಅವರ ಸಂಗಡಿಗರು 2005ರಿಂದ 2010ರ ವರೆಗಿನ ದಾಖಲೆಗಳನ್ನು ತೆಗೆದು, ಲಸಿಕೆ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿದರು. ಲಸಿಕೆ ಇಲ್ಲದವರಲ್ಲಿ 100 ಮಂದಿಗೆ ರೋಗ ಬರುವ ಕಡೆ, ಅಷ್ಟೇ ಜನರಿರುವ ಗುಂಪಿನಲ್ಲಿ, ಎರಡು ಸಲ ಚುಚ್ಚಿಸಿಕೊಂಡವರಾದರೆ ಸುಮಾರು 38 ಮಂದಿಗೂ, ಅದರ ಮೇಲೆ ಮತ್ತೆ ಚುಚ್ಚಿಸಿಕೊಂಡವರಾದರೆ ಸುಮಾರು 17 ಮಂದಿಗೂ ಬರುವುದೆಂದು ಕಂಡಿತು. ಎರಡು ಚುಚ್ಚುಮದ್ದಿಗೇ ನಿಶ್ಚಿಂತರಾಗಿ ಕುಳಿತವರಿಗೆ ಇದು ಎಚ್ಚರಿಕೆಯಲ್ಲವೆ? 2022ರಲ್ಲಿ ಆ ಲಸಿಕೆಯನ್ನು ನಿಲ್ಲಿಸಲಾಯಿತು. ಹೊಸದೊಂದನ್ನು ಸಿದ್ಧಪಡಿಸುವ ಪ್ರಯತ್ನ ನಡೆದಿದೆ. ಅದು ಬಂದ ಮೇಲೆ ಮತ್ತೆ ಯಾರಾದರೂ ಹಳ್ಳಿ ಹಳ್ಳಿ ತಿರುಗಿ ಎಣಿಸಲೇಬೇಕು.

ಇಂತಹ ಕೆಲಸಕ್ಕೆ ವೈದ್ಯಪದವಿಯೇ ಬೇಕೆಂಬ ನಿಯಮವಿಲ್ಲ. ಪ್ರಾಣಿಶಾಸ್ತ್ರ ಓದಿದವಳು ಉಣ್ಣೆಯನ್ನು ಬಲ್ಲಳು. ಸಂಖ್ಯಾಶಾಸ್ತ್ರ ಓದಿದವಳು ಲೆಕ್ಕವನ್ನು ಬಲ್ಲಳು. ಪಶುವೈದ್ಯೆಗೂ, ದಾದಿಯರ ಶಿಕ್ಷಣ ಪಡೆದವಳಿಗೂ, ಸಮಾಜಶಾಸ್ತ್ರದವಳಿಗೂ ಇಲ್ಲಿ ಸ್ಥಾನವುಂಟು. ಸೋಲಿಗರ ಹಾಡಿಯಲ್ಲಿ ಕುಳಿತು ಅವರ ಮಾತಿನಲ್ಲಿಯೇ ವಿಚಾರಿಸಬಲ್ಲ ನಮ್ಮ ಸೀಮೆಯ ಹುಡುಗಿಗೆ ಪಟ್ಟಣದವರಿಗಿಲ್ಲದ ಒಂದು ಅನುಕೂಲವಿದೆಯೆಂದು ನನ್ನ ಅಭಿಪ್ರಾಯ. ಚೆನ್ನೈಯ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆ, ಮೇಲೆ ಹೇಳಿದ ಪುಣೆಯ ಸಂಸ್ಥೆ, ಕಾಡು ಮತ್ತು ಪರಿಸರದ ಕಡೆಯಿಂದ ನೋಡುವವರಿಗೆ ಬೆಂಗಳೂರಿನ ಏಟ್ರೀ ಸಂಸ್ಥೆ, ಇವುಗಳನ್ನು ವಿಚಾರಿಸಬಹುದು.

ಇನ್ನು ಹಣದ ಮಾತು. ವಿಶ್ವವಿದ್ಯಾನಿಲಯ ಅನುದಾನ ಆಯೋಗದವರೂ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತಿನವರೂ ವರ್ಷಕ್ಕೆ ಎರಡಾವರ್ತಿ ನೆಟ್ ಎಂಬ ಪರೀಕ್ಷೆಯನ್ನು ನಡೆಸಿಸುತ್ತಾರೆ. ಅದರಲ್ಲಿ ಕಿರಿಯ ಸಂಶೋಧನಾ ವೇತನಕ್ಕೆ ಆರಿಸಲ್ಪಟ್ಟವರಿಗೆ, 2023ರ ಜನವರಿಯಿಂದ ಜಾರಿಗೆ ಬಂದ ದರದಂತೆ, ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿಗಳೂ, ಕೆಲಸ ತೃಪ್ತಿಕರವಾಗಿದ್ದಲ್ಲಿ ಅನಂತರ 42,000 ರೂಪಾಯಿಗಳೂ, ಇದಲ್ಲದೆ ಮನೆಬಾಡಿಗೆಯ ಭತ್ಯವೂ ಸಲ್ಲುತ್ತವೆ. ಇದು ಸಾಲವಲ್ಲ, ಹಿಂದಿರುಗಿಸಬೇಕಾದುದಲ್ಲ. ವಯಸ್ಸಿನ ಮಿತಿಯಲ್ಲಿ ಸ್ತ್ರೀಯರಿಗೆ 5 ವರ್ಷಗಳ ರಿಯಾಯಿತಿಯುಂಟು. ಆದರೆ ಪರೀಕ್ಷೆಯಲ್ಲಿ ಉತ್ತೀರ್ಣರಾದವರಿಗೆಲ್ಲ ವೇತನ ಸಿಕ್ಕುವುದಿಲ್ಲ. ಮೇಲಿನ ಅಂಕ ಪಡೆದ ಕೆಲವರಿಗೆ ಮಾತ್ರ. ಸಿಕ್ಕಿದರೂ ಹಣವು ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗಿ ಬರುವುದುಂಟು. ಆದುದರಿಂದ ಮೊದಲ ಆರು ತಿಂಗಳ ಊಟ ವಸತಿಗೆ ಕೈಯಲ್ಲಿ ಸ್ವಲ್ಪ ಇಟ್ಟುಕೊಂಡೇ ಹೊರಡಬೇಕು. ವಿದೇಶದ ವಿಶ್ವವಿದ್ಯಾನಿಲಯಗಳಲ್ಲಿಯೂ ಶುಲ್ಕ ಬಿಟ್ಟು ವೇತನ ಕೊಡುವ ಸ್ಥಾನಗಳಿವೆ. ಅಲ್ಲಿ ಪರದೇಶದವರ ಹೆಚ್ಚಿನ ಶುಲ್ಕವೂ ಆ ವೇತನದಲ್ಲಿ ಸೇರಿದೆಯೇ ಎಂಬುದನ್ನು ಒಪ್ಪಿಗೆಯ ಪತ್ರ ಬರೆಯುವ ಮುನ್ನ ಕೇಳತಕ್ಕದ್ದು.

ಮದುವೆಯ ಪ್ರಸ್ತಾಪವನ್ನು ಬಿಟ್ಟು ಬರೆದರೆ ತಾಯಂದಿರು ನನ್ನನ್ನು ಬಿಡಲಾರರು. 2022ರ ನಿಯಮಗಳ ಪ್ರಕಾರ ಈ ವ್ಯಾಸಂಗಕ್ಕೆ ಕನಿಷ್ಠ 3 ವರ್ಷ, ಹೆಚ್ಚೆಂದರೆ 6 ವರ್ಷ. ಸ್ತ್ರೀಯರಿಗೆ ಇದರ ಮೇಲೆ 2 ವರ್ಷಗಳ ಅವಕಾಶವನ್ನು ಕೊಡಬಹುದೆಂದೂ, ಹೆರಿಗೆಗೂ ಶಿಶುಪಾಲನೆಗೂ ಒಟ್ಟು 240 ದಿನಗಳ ವರೆಗೆ ರಜೆ ಕೊಡಬಹುದೆಂದೂ ಅವುಗಳಲ್ಲಿಯೇ ಬರೆದಿದೆ. ಹೀಗಿರುವಲ್ಲಿ ಮದುವೆಯಾದ ಮಾತ್ರಕ್ಕೆ ವ್ಯಾಸಂಗವನ್ನು ಬಿಡಿಸಬೇಕಾದುದಿಲ್ಲ. ಸಂಬಂಧ ಗೊತ್ತುಮಾಡುವಾಗಲೇ ಬೀಗರಿಗೆ ಈ ಸಂಗತಿಯನ್ನು ಸ್ಪಷ್ಟವಾಗಿ ತಿಳಿಸಿದರೆ ಸಾಕು.

ನೆಟ್ ಪರೀಕ್ಷೆಯ ಹಳೆಯ ಪ್ರಶ್ನಪತ್ರಿಕೆಗಳನ್ನು ಶಾಲೆಯ ಪುಸ್ತಕ ಭಂಡಾರದಲ್ಲಿ ಇಡಿಸಿದ್ದೇನೆ. ಹಳೆಯ ವಿದ್ಯಾರ್ಥಿನಿಯರು ಶನಿವಾರ ಮಧ್ಯಾಹ್ನದ ಮೇಲೆ ಬಂದು ನೋಡಿಕೊಳ್ಳಬಹುದು.